ಚೋಮನ ಬಾಯಿಗೆ ಕನ್ನಡ ಬಂದ ಬಗೆ

ಕಥೆ ಬರೆಯಲು ತೊಡಗಿದ ತರುಣರು ಕೇಳುವ ಪ್ರಶ್ನೆಗಳಲ್ಲಿ ಒಂದು ಬಹು ಸಾಮಾನ್ಯವಾದುದು: “ನನ್ನ ಪಾತ್ರಗಳು ಬಾಯಿ ತೆರೆದರೆ ಪುಸ್ತಕ ಓದಿದ ಹಾಗೆ ಕೇಳಿಸುತ್ತದೆ, ಇದನ್ನು ತಿದ್ದುವುದು ಹೇಗೆ?” ಕಥನಕಲೆಯನ್ನು ಕುರಿತು ಉಪದೇಶಿಸುವವರು ಇದಕ್ಕೆ ಒಂದೇ ಮಾತಿನ ಉತ್ತರವನ್ನು ಸಿದ್ಧವಾಗಿಟ್ಟಿರುತ್ತಾರೆ: ಜನ ಆಡುವಂತೆಯೇ ಬರೆಯಿರಿ. ಧಾರವಾಡದವನಿಗೋ ಮಂಡ್ಯದವನಿಗೋ ಈ ಉತ್ತರ ಸಾಕಾದೀತು. ಆದರೆ ಪುತ್ತೂರು ತಾಲೂಕಿನ ಕೆದಂಬಾಡಿಯ ಕಡೆಯ ಹುಡುಗನೊಬ್ಬ ಬಂದು ಕೇಳಿದರೆ ಏನು ಹೇಳೋಣ? ಅವನ ಊರಿನ ಬಹುಮಂದಿ ಮನೆಯಲ್ಲಿ ಆಡುವುದು ಕನ್ನಡವನ್ನೇ ಅಲ್ಲವಲ್ಲ!

ಈ ಸೀಮೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳು ದಕ್ಷಿಣ ಕನ್ನಡ ಜಿಲ್ಲೆಯ ಒಳನಾಡು. ಒಂದು ಕಡೆ ಘಟ್ಟದ ಗೋಡೆ, ಇನ್ನೊಂದು ಕಡೆ ಕಾಸರಗೋಡಿನ ಗಡಿ. ಅಡಿಕೆತೋಟ, ಗುಡ್ಡ, ಗುಡ್ಡದ ನಡುವೆ ಬಯಲು, ಬಯಲಿನ ಅಂಚಿನಲ್ಲಿ ಒಂಟೊಂಟಿ ಮನೆ. ಬೀದಿಯಲ್ಲಿ, ಗದ್ದೆಯಲ್ಲಿ, ಸಂತೆಯಲ್ಲಿ ಕೇಳುವುದು ತುಳು. ಗೌಡರ ಮನೆಯೊಳಗೆ ಅರೆಭಾಷೆ, ಹವ್ಯಕರ ಮನೆಯಲ್ಲಿ ಅವರದೇ ಆದ ಕನ್ನಡ, ಸಾರಸ್ವತರಲ್ಲಿ ಕೊಂಕಣಿ, ಮುಸಲ್ಮಾನರ ಮನೆಯಲ್ಲಿ ಬ್ಯಾರಿ, ಗಡಿಯತ್ತ ಸರಿದರೆ ಮಲಯಾಳ. ನಾವು ನೀವು ಓದುವ ಈ ಕನ್ನಡ ಇಲ್ಲಿಗೆ ಬರುತ್ತಿದ್ದುದು ಮೂರು ಬಾಗಿಲುಗಳಿಂದ: ಶಾಲೆ, ಕಚೇರಿ ಮತ್ತು ಯಕ್ಷಗಾನ.

ಈ ಮೂರನೆಯ ಬಾಗಿಲಿನ ಮಹಿಮೆಯನ್ನು ಹೊರಗಿನವರು ಸಾಕಷ್ಟು ಅರಿತಂತಿಲ್ಲ. ಹಗಲೆಲ್ಲ ತುಳುವಿನಲ್ಲಿ ವ್ಯವಹರಿಸಿದ ಬೇಸಾಯಗಾರ ರಾತ್ರಿ ತಾಳಮದ್ದಳೆಯಲ್ಲಿ ಕುಳಿತು ಕರ್ಣನಾಗಿ, ಭೀಷ್ಮನಾಗಿ ಬೆಳಗಿನವರೆಗೆ ಕಲೆಯಿಲ್ಲದ ಕನ್ನಡದಲ್ಲಿ ಅರ್ಥ ಹೇಳಬಲ್ಲ. ಅದನ್ನು ಅವನು ಬಾಯಿಪಾಠ ಮಾಡಿಲ್ಲ. ಅಲ್ಲಲ್ಲಿಯೇ ಕಟ್ಟಿ ಹೇಳುತ್ತಾನೆ. ಇದರಿಂದ ಒಂದು ಪರಿಣಾಮವಾಯಿತು. ಗ್ರಂಥದ ಕನ್ನಡ ಇಲ್ಲಿನವರ ಕಿವಿಗೆ ದೇವರ ಮಾತು, ಅರಸರ ಮಾತು ಆಯಿತು. ಹಾಸ್ಯಗಾರನಂತೂ ನಡುನಡುವೆ ಆಡುಮಾತಿಗೆ ಇಳಿದು ಜನರನ್ನು ನಗಿಸುತ್ತಿದ್ದ. ಕಥೆಗಾರನ ಕಷ್ಟ ಹುಟ್ಟುವುದು ಇಲ್ಲಿಯೇ. ಗದ್ದೆ ಉಳುವವನ ಬಾಯಿಗೆ ಶುದ್ಧ ಕನ್ನಡ ಕೊಟ್ಟರೆ ಅವನು ದುರ್ಯೋಧನನಾಗುತ್ತಾನೆ; ಅಡ್ಡಾದಿಡ್ಡಿ ಕನ್ನಡ ಕೊಟ್ಟರೆ ಹಾಸ್ಯಗಾರನಾಗುತ್ತಾನೆ. ಅವನನ್ನು ಅವನಾಗಿಯೇ ಉಳಿಸುವ ಮಾತು ಎಲ್ಲಿಂದ ತರಬೇಕು?

ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಹುಡುಕುತ್ತಲೇ ಈ ಸೀಮೆಯ ಕಥನಕಲೆ ಸುಧಾರಿಸಿತೆಂಬುದು ನನ್ನ ನಂಬಿಕೆ. ಆ ಹುಡುಕಾಟದ ಚರಿತ್ರೆ ಒಂದು ಶತಮಾನಕ್ಕೂ ಮೀರಿದ್ದು. ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ.

ಕಥೆ ಹೇಳುವುದನ್ನು ಈ ನಾಡು ಅಚ್ಚಿನ ಪುಸ್ತಕದಿಂದ ಕಲಿಯಲಿಲ್ಲ. ನೇಜಿ ನೆಡುವ ಹೆಂಗಸರು ಹಾಡುತ್ತಿದ್ದ ತುಳು ಪಾಡ್ದನಗಳಲ್ಲಿ ಆ ವಿದ್ಯೆ ಹಿಂದಿನಿಂದಲೂ ಇತ್ತು. ಕೋಟಿ ಚೆನ್ನಯರ ಕಥೆಯನ್ನೇ ನೋಡಿ. ಅವರ ತಾಯಿ ದೇಯಿ ಬೈದೆತಿಯ ಪಡುಮಲೆ ಇರುವುದು ಪುತ್ತೂರು ತಾಲೂಕಿನಲ್ಲಿಯೇ; ಅವಳಿ ವೀರರು ಮಡಿದ ಎಣ್ಮೂರೂ ಇದೇ ಸೀಮೆಯದು. ಆ ಕಥೆಯ ದೊಡ್ಡ ಕಲಹ ಹುಟ್ಟುವುದು ಎಲ್ಲಿಂದ? ರಾಜ್ಯದಾಸೆಯಿಂದಲ್ಲ, ನೆರೆಗದ್ದೆಯವನಾದ ಬುದ್ಯಂತನೊಡನೆ ನಡೆದ ಗದ್ದೆಯ ನೀರಿನ ಜಗಳದಿಂದ. ನೀರಿನ ತೋಡೊಂದರಿಂದ ಕೊಲೆಗೆ, ಕೊಲೆಯಿಂದ ದೇಶತ್ಯಾಗಕ್ಕೆ, ಅಲ್ಲಿಂದ ಯುದ್ಧಕ್ಕೆ ಕಥೆ ಒಂದೊಂದೇ ಮೆಟ್ಟಿಲು ಏರುತ್ತದೆ. ಹಾಡುವವಳು ನಡುವೆ ನಿಂತು ನೀತಿ ಹೇಳುವುದಿಲ್ಲ. 1886ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ಎಂಬವರು ಇಂಥ ಕೆಲವು ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದರು. ಭಾಷೆ ತುಳು, ಲಿಪಿ ಕನ್ನಡ: ಆ ಪುಸ್ತಕದ ರೂಪದಲ್ಲಿಯೇ ಮುಂದಿನ ಕಥೆಗಾರರ ಸಮಸ್ಯೆ ಕಣ್ಣಿಗೆ ಕಾಣುತ್ತಿತ್ತು.

ಅದಾದ ಹದಿಮೂರು ವರ್ಷಕ್ಕೆ, 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವೆಲ್ಲ ಗೌರವಿಸುವ ಕೃತಿಯದು. ವೆಂಕಟರಾಯರು ಪೋಲೀಸು ಇಲಾಖೆಯಲ್ಲಿದ್ದವರು. ಮನುಷ್ಯರ ಬೂಟಾಟಿಕೆಯನ್ನು ಹತ್ತಿರದಿಂದ ಬಲ್ಲವರು. ಚಿಕ್ಕ ವಯಸ್ಸಿನಲ್ಲಿ ವಿಧವೆಯಾದ ಹೆಣ್ಣಿಗೆ ವಿದ್ಯೆ, ಪುನರ್ವಿವಾಹ ಎರಡೂ ಸಲ್ಲಬೇಕೆಂದು ಆ ಕಾಲದಲ್ಲಿ ಬರೆದುದು ಸಾಮಾನ್ಯ ಧೈರ್ಯವಲ್ಲ. ಆದರೆ ಅದಕ್ಕೆ ಅವರು ಕೊಟ್ಟ ಇನ್ನೊಂದು ಹೆಸರು ‘ಸದ್ಧರ್ಮ ವಿಜಯವು’ ಎಂಬುದು. ಕಥೆಯ ತೀರ್ಪು ರಕ್ಷಾಪುಟದ ಮೇಲೆಯೇ ಪ್ರಕಟವಾಗಿಬಿಟ್ಟಿತು! ಅಲ್ಲದೆ ವೆಂಕಟರಾಯರು ಬರೆದ ಸಾರಸ್ವತ ಸಮಾಜದ ಮನೆಮಾತು ಕೊಂಕಣಿ. ಅವರ ಪಾತ್ರಗಳು ಆಡುವುದು ಗ್ರಂಥದ ಕನ್ನಡ. ಮನೆಯ ಮಾತಿಗೂ ಪುಟದ ಮಾತಿಗೂ ನಡುವಿನ ಕಂದಕವನ್ನು ಅವರು ದಾಟಲು ಹೋಗಲಿಲ್ಲ. ಮೊದಲ ಸಲ ದಾರಿ ಕಡಿಯುವವನು ಸೇತುವೆಯನ್ನೂ ಕಟ್ಟಬೇಕೆಂದು ಕೇಳುವುದು ನ್ಯಾಯವೂ ಅಲ್ಲ.

ಸೇತುವೆಗೆ ಮೊದಲ ಮರದ ದಿಮ್ಮಿ ಹಾಕಿದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಪಂಜೆಯವರ ಮನೆಮಾತೂ ಕೊಂಕಣಿಯೇ. ಅವರು ಶಾಲಾ ಇನ್ಸ್‌ಪೆಕ್ಟರಾಗಿ ಹಳ್ಳಿಹಳ್ಳಿ ತಿರುಗಿದವರು. ತುಳು ಆಡುವ ಮಕ್ಕಳೆದುರು ನಿಂತು ಕನ್ನಡ ಹೇಳಿಕೊಡುವ ಶಾಲೆಗಳನ್ನು ಕಂಡವರು. ಎದುರಿಗಿರುವ ಮಗುವಿಗೆ ತಿಳಿಯದ ಸಂಸ್ಕೃತ ಸಮಾಸವನ್ನು ಹೇಳಿ ಪ್ರಯೋಜನವೇನು? ಅವರ ವಾಕ್ಯ ಚಿಕ್ಕದಾಯಿತು, ಕಿವಿಗೆ ಹಿತವಾಯಿತು, ಬಾಯಲ್ಲಿ ಆಡುವಂತಾಯಿತು. ಕೋಟಿ ಚೆನ್ನಯರ ಪಾಡ್ದನವನ್ನು ಅವರು ಕನ್ನಡ ಗದ್ಯಕ್ಕೆ ತಂದುದು ನನ್ನ ದೃಷ್ಟಿಯಲ್ಲಿ ಬಹು ದೊಡ್ಡ ಪ್ರಯೋಗ. ತುಳುವಿನ ಶಬ್ದವನ್ನು ತರದೆ ತುಳುವಿನ ನಡಿಗೆಯನ್ನು ಕನ್ನಡಕ್ಕೆ ತರಲು ಸಾಧ್ಯವೆಂಬ ಧೈರ್ಯ ಅಲ್ಲಿಂದ ಹುಟ್ಟಿತು.

ಇನ್ನು ಶಿವರಾಮ ಕಾರಂತರು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರಿಗೆ ಪುತ್ತೂರು ಕರ್ಮಭೂಮಿಯಾಯಿತು. ಸಹಕಾರಿ ಚಳವಳಿಯ ಮೊಳಹಳ್ಳಿ ಶಿವರಾಯರ ಸ್ನೇಹ ಅವರನ್ನು ಇಲ್ಲಿಗೆ ಎಳೆಯಿತು. ಬಾಲವನ ಬೆಳೆದುದು ಇಲ್ಲಿ. ಅವರು ಮುದ್ರಣಾಲಯ ನಡೆಸಿದುದು ಇಲ್ಲಿ. ಅವರ ಹೆಸರನ್ನು ಉಳಿಸಿದ ಕಾದಂಬರಿಗಳಲ್ಲಿ ಬಹುಪಾಲು ಬರೆದುದೂ ಇಲ್ಲಿಯೇ. ಆದರೆ ಅವರು ಹುಟ್ಟುತ್ತಲೇ ದೊಡ್ಡ ಕಾದಂಬರಿಕಾರರಾಗಿರಲಿಲ್ಲ. 1920ರ ದಶಕದಲ್ಲಿ ‘ವಸಂತ’ ಪತ್ರಿಕೆಯನ್ನು ನಡೆಸುತ್ತಿದ್ದಾಗ ಬರೆದ ‘ವಿಚಿತ್ರ ಕೂಟ’ ಮೊದಲಾದವು ಪತ್ತೇದಾರಿಯ ಜಾತಿಯವು. ಅಲ್ಲಿಂದ 1933ರ ‘ಚೋಮನ ದುಡಿ’ಗೆ ಒಂದೇ ದಶಕದ ದೂರ. ಇಷ್ಟು ಅಲ್ಪಕಾಲದಲ್ಲಿ ಒಬ್ಬ ಲೇಖಕ ಹೀಗೆ ಬೆಳೆದುದು ಹೇಗೆ? ಇದನ್ನು ವಿಚಾರಿಸುವುದು ಬರೆಯುವವರಿಗೆ ನೂರು ಉಪದೇಶಕ್ಕಿಂತ ಲಾಭದಾಯಕ.

ಚೋಮ ಅಸ್ಪೃಶ್ಯನೆನಿಸಿದ ಜೀತದಾಳು. ಅವನ ಒಡೆಯ ಸಂಕಪ್ಪಯ್ಯ. ಅವನಿಗಿರುವ ಆಸೆ ಒಂದೇ: ಒಂದು ತುಂಡು ಭೂಮಿಯನ್ನು ತನ್ನದೆಂದು ಉಳಬೇಕು. ಕಾಡಿನಲ್ಲಿ ಸಿಕ್ಕಿದ ಹೋರಿಗಳನ್ನು ಸಾಕಿಕೊಂಡಿದ್ದಾನೆ. ಉಳುವ ಹಕ್ಕು ಮಾತ್ರ ಇಲ್ಲ. ಇಂಥವನು ಆಡುವುದು ತುಳು. ಆ ದುಃಖವನ್ನು ಅವನು ಕನ್ನಡದಲ್ಲಿ ಉದ್ದುದ್ದ ಭಾಷಣವಾಗಿ ಹೇಳಿದ್ದರೆ ಕಾದಂಬರಿ ಅಲ್ಲಿಗೇ ಸತ್ತುಹೋಗುತ್ತಿತ್ತು. ಕಾರಂತರು ಅವನಿಗೆ ಕೊಟ್ಟ ಮಾತು ಮಿತವಾದದ್ದು. ಮಾತು ನಿಲ್ಲುವಲ್ಲಿ ದುಡಿಯನ್ನು ಕೊಟ್ಟರು. ಸಂತೋಷವಾದಾಗ ದುಡಿ, ಕುಡಿದಾಗ ದುಡಿ, ಮಕ್ಕಳನ್ನು ಕಳೆದುಕೊಂಡಾಗ ದುಡಿ. ಕೊನೆಗೆ ನೇಗಿಲನ್ನು ಮುರಿದು, ಹೋರಿಗಳನ್ನು ಅಟ್ಟಿ, ಬಾಗಿಲು ಮುಚ್ಚಿ ಅವನು ಬಾರಿಸುವ ದುಡಿ. ಆ ಚರ್ಮವಾದ್ಯಕ್ಕೆ ತುಳುವೂ ಇಲ್ಲ, ಕನ್ನಡವೂ ಇಲ್ಲ. ಮನೆಯ ಮಾತು ಪುಟಕ್ಕೆ ಬರಲಾರದ ಕಡೆ ಪಾತ್ರದ ಕೈಯಲ್ಲಿರುವ ವಸ್ತು ಮಾತನಾಡಬಲ್ಲುದೆಂಬುದು ಕನ್ನಡ ಕಾದಂಬರಿ ಕಲಿತ ಬಹು ಮುಖ್ಯವಾದ ಪಾಠ. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿಸಿದಾಗ ಸ್ವರ್ಣಕಮಲ ದೊರೆಯಿತು. ದುಡಿಯ ಭಾಷೆ ಕನ್ನಡದ ಗಡಿಯನ್ನೂ ದಾಟಿತು.

ಇನ್ನೊಂದು ಸೂಕ್ಷ್ಮವಿದೆ. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ಆಳು ಒಡೆಯನಿಗೆ ಈರ್ ಎನ್ನುತ್ತಾನೆ; ಒಡೆಯ ಆಳಿಗೆ ಈ ಎನ್ನುತ್ತಾನೆ. ಈ ಎರಡಕ್ಷರದಲ್ಲಿ ಇಡೀ ಸಮಾಜದ ಮೆಟ್ಟಿಲುಗಳು ಅಡಗಿವೆ. ಪುಣ್ಯಕ್ಕೆ ಕನ್ನಡದ ನೀನು, ನೀವುಗಳಲ್ಲಿ ಈ ಭೇದ ಕೆಡದೆ ಉಳಿಯುತ್ತದೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾರ ಅಂಗಳದಲ್ಲಿ ಯಾರು ಎಷ್ಟು ದೂರ ನಿಲ್ಲುತ್ತಾರೆ, ಅಪ್ಪಣೆ ಕೇಳುವಾಗ ಮಾತನ್ನು ಎಲ್ಲಿ ನುಂಗುತ್ತಾರೆ ಎಂಬುದನ್ನು ಸರಿಯಾಗಿ ಗುರುತಿಸಿದರೆ ಉಳಿದ ಶಬ್ದಗಳು ಯಾವ ಕನ್ನಡದಲ್ಲಿದ್ದರೂ ಓದುಗ ನಂಬುತ್ತಾನೆ. ತುಳುವನಾದ ನಾನು ಚೋಮನ ಮಾತನ್ನು ಕನ್ನಡದಲ್ಲಿ ಓದುವಾಗಲೂ ಕಿವಿಯೊಳಗೆ ತುಳುವೇ ಕೇಳಿಸುವುದಕ್ಕೆ ಇದು ಕಾರಣವಿರಬೇಕು.

1943ರ ‘ಬೆಟ್ಟದ ಜೀವ’ದಲ್ಲಿ ಕಾರಂತರು ಬೇರೊಂದು ಉಪಾಯ ಹೂಡಿದರು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪಟ್ಟಣಿಗನೊಬ್ಬನನ್ನು ದೇರಣ್ಣ, ಬಟ್ಯ ಎಂಬಿಬ್ಬರು ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಆ ಅತಿಥಿಯೇ ಕಥೆ ಹೇಳುವವನು. ಅತಿಥಿಯೊಡನೆ ಮನೆಯವರು ತಮ್ಮತಮ್ಮೊಳಗಿನ ಮಾತಿಗಿಂತ ಸ್ವಲ್ಪ ತಿದ್ದಿದ ಕನ್ನಡ ಆಡುವುದು ಸ್ವಾಭಾವಿಕವಲ್ಲವೆ? ಭಾಷೆಯ ತೊಡಕು ಕಥೆಯ ಚೌಕಟ್ಟಿನೊಳಗೇ ಕರಗಿಹೋಯಿತು. ಅದರ ಜೊತೆಗೆ ಇನ್ನೊಂದು ಲಾಭವೂ ಒದಗಿತು. ಮನೆಬಿಟ್ಟುಹೋದ ಮಗ ಶಂಭುವಿನ ವಿಷಯವನ್ನು ಆ ಮುದುಕ ಮುದುಕಿಯರು ಹೊರಗಿನವನಿಗೆ ಒಮ್ಮೆಲೇ ಹೇಳಿಬಿಡುವುದಿಲ್ಲ. ಊಟದ ನಡುವೆ ಒಂದಿಷ್ಟು, ತೋಟ ಸುತ್ತುವಾಗ ಒಂದಿಷ್ಟು, ಗೋಪಾಲಯ್ಯ ಇಲ್ಲದಾಗ ಶಂಕರಮ್ಮನ ಬಾಯಿಂದ ಒಂದಿಷ್ಟು. ಕಾಡು ಕಡಿದು ತೋಟ ಎಬ್ಬಿಸಿದ ಮನುಷ್ಯನ ಒಳಗಿನ ಬರಿದು ನಮಗೆ ತಿಳಿಯುವ ಹೊತ್ತಿಗೆ ನಾವೂ ಆ ಮನೆಯ ನೆಂಟರಾಗಿಬಿಟ್ಟಿರುತ್ತೇವೆ. ಕಥೆಯನ್ನು ಯಾರು ಹೇಳಬೇಕೆಂಬ ಒಂದು ನಿರ್ಧಾರದಿಂದ ಎರಡು ಸಮಸ್ಯೆ ಬಗೆಹರಿದುದು ಹೀಗೆ.

ತಮ್ಮ ಹುಟ್ಟೂರಿನ ಕಡಲತೀರವನ್ನು ಬರೆಯುವಾಗ ಕಾರಂತರಿಗೆ ಈ ಕಷ್ಟವಿರಲಿಲ್ಲ. ಅಲ್ಲಿ ಆಡುವುದು ಕೋಟದ ಕನ್ನಡ. ‘ಮರಳಿ ಮಣ್ಣಿಗೆ’ಯಲ್ಲಿ ಪಾರ್ವತಿ ಪಾರೋತಿಯಾಗಿ, ಸರಸ್ವತಿ ಸರಸೋತಿಯಾಗಿಯೇ ಪುಟಕ್ಕಿಳಿದರು. ಒಬ್ಬನೇ ಲೇಖಕ ಕಡಲ ಬದಿಗೆ ಒಂದು ರೀತಿ, ಬೆಟ್ಟದ ಬದಿಗೆ ಇನ್ನೊಂದು ರೀತಿ ಅನುಸರಿಸಿದ. ನಿಯಮವನ್ನು ಪುಸ್ತಕದಿಂದ ತರದೆ ಊರಿನಿಂದ ತಂದರೆ ಹೀಗಾಗುತ್ತದೆ.

ಇದೇ ಕಾಲಕ್ಕೆ ಬೇರೊಬ್ಬ ಕನ್ನಡಿಗ ಇನ್ನೂ ಕಠಿನವಾದ ಕಂದಕವನ್ನು ದಾಟಲು ಹೊರಟಿದ್ದನೆಂಬುದನ್ನು ನೆನೆಯಬೇಕು. ಹಾಸನದಲ್ಲಿ ಹುಟ್ಟಿದ ರಾಜಾರಾಯರು 1938ರಲ್ಲಿ ‘ಕಾಂತಾಪುರ’ವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕನ್ನಡದ ಹಳ್ಳಿಯ ಮುದುಕಿಯೊಬ್ಬಳು ಇಂಗ್ಲಿಷಿನಲ್ಲಿ ಕಥೆ ಹೇಳಬೇಕು! ಅವರು ನಮ್ಮ ಅಜ್ಜಿಯರ ನಿಲ್ಲದ ಉಸಿರನ್ನೇ ಇಂಗ್ಲಿಷಿನ ವಾಕ್ಯಕ್ಕೆ ಊದಿದರು. ಇಪ್ಪತ್ತು ವರ್ಷದ ನಂತರ, 1958ರಲ್ಲಿ, ಆಫ್ರಿಕದ ಚಿನುವ ಅಚೀಬೆ ತನ್ನ ಇಗ್ಬೊ ಜನರ ಗಾದೆಗಳಿಂದ ಅದೇ ಕೆಲಸ ಮಾಡಿದ. ಪುತ್ತೂರಿನ ಸಮಸ್ಯೆ ಬರಿಯ ಪುತ್ತೂರಿನದಾಗಿರಲಿಲ್ಲ. ಆಡುವುದೊಂದು, ಬರೆಯುವುದೊಂದು ಆದ ಜನ ಲೋಕದಲ್ಲಿ ಬಹಳ.

ಈಗ ಕೆದಂಬಾಡಿಯ ಹೆಸರು ಚರಿತ್ರೆಯಲ್ಲಿ ಮಿಂಚಿದ ಪ್ರಸಂಗಕ್ಕೆ ಬರೋಣ. 1834ರಲ್ಲಿ ಕಂಪೆನಿ ಸರಕಾರ ಕೊಡಗನ್ನು ನುಂಗಿತು. ಅದುವರೆಗೆ ಕೊಡಗಿನ ಅರಸರ ಕೈಕೆಳಗಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕನ್ನಡ ಜಿಲ್ಲೆಗೆ ಸೇರಿದವು. ಧಾನ್ಯರೂಪವಾಗಿ ಸಲ್ಲುತ್ತಿದ್ದ ತೆರಿಗೆಯನ್ನು ನಗದಾಗಿ ತೆರಬೇಕಾಯಿತು. ರೈತ ಬತ್ತವನ್ನು ಸಿಕ್ಕಿದ ಬೆಲೆಗೆ ಮಾರಿ ಸಾಲಗಾರನ ಬಾಗಿಲಿಗೆ ಹೋದ. 1837ರ ಮಾರ್ಚಿ ಕೊನೆಯಲ್ಲಿ ಈ ಸಿಟ್ಟು ಸಿಡಿದು, ದಂಗೆಯೆದ್ದವರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಎಪ್ರಿಲ್ ಆರಂಭದಲ್ಲಿ ಮಂಗಳೂರನ್ನು ಸೇರಿ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟವೇರಿಸಿದರು. ಸುಮಾರು ಎರಡು ವಾರ ಪಟ್ಟಣ ಅವರದಾಗಿತ್ತು. ಈ ದಂಡಿನ ಮುಂದಾಳುಗಳಲ್ಲಿ ಒಬ್ಬರು ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರು. ಕಲ್ಯಾಣಸ್ವಾಮಿಯೆಂಬ ಹೆಸರು ಹೊತ್ತಿದ್ದ ಪುಟ್ಟಬಸಪ್ಪ ಮೊದಲಾದವರನ್ನು ಕಂಪೆನಿಯವರು ಗಲ್ಲಿಗೇರಿಸಿದರು.

ಅನಂತರ ಉಳಿದುದೇನು? ಅಧಿಕಾರಿಗಳ ಇಂಗ್ಲಿಷ್ ಕಾಗದಪತ್ರ. ಜನರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು. ಕಾಟಕಾಯಿ ಎಂದರೆ ಲೂಟಿಯ ಧ್ವನಿ. ಗೆದ್ದವರ ಬರಹ ಉಳಿಯಿತು, ಸೋತವರ ಮೇಲಿನ ಅಪವಾದ ಉಳಿಯಿತು. ಅವರು ಅರೆಭಾಷೆಯಲ್ಲಿ, ತುಳುವಿನಲ್ಲಿ, ಕೊಡವ ಭಾಷೆಯಲ್ಲಿ ಆಡಿದ ಮಾತುಗಳು ಗಾಳಿಗೆ ಹೋದವು. ಇಲ್ಲಿ ಕಥೆಗಾರನ ಕಸುಬು ಬರಿಯ ಕುಶಲತೆಯ ವಿಷಯವಾಗಿ ಉಳಿಯದೆ ನ್ಯಾಯದ ವಿಷಯವಾಗುತ್ತದೆ. ಸತ್ತವರ ಬಾಯಿಗೆ ಯಾವ ಮಾತನ್ನು ಇಡುವುದು?

ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ನಿರಂಜನರು ಈ ಭಾರವನ್ನು ಹೊತ್ತರು. ಅವರ ‘ಕಲ್ಯಾಣಸ್ವಾಮಿ’ 1837ರ ಬಂಡಾಯದ ಕಾದಂಬರಿ. ದರೋಡೆಕೋರರೆಂದು ದಾಖಲೆಯಲ್ಲಿದ್ದವರು ಇಲ್ಲಿ ಹೆಂಡತಿ ಮಕ್ಕಳುಳ್ಳ, ಅನುಮಾನ ಭಯಗಳುಳ್ಳ ಮನುಷ್ಯರಾದರು. 1955ರ ‘ಚಿರಸ್ಮರಣೆ’ಯಲ್ಲಿ ಅವರು ಇನ್ನೂ ಮುಂದೆ ಹೋದರು. ಅದು ಕಯ್ಯೂರಿನ ರೈತ ಹೋರಾಟದ ಕಥೆ. ಅಲ್ಲಿನ ನಾಲ್ವರು ತರುಣರನ್ನು 1943ರ ಮಾರ್ಚಿಯಲ್ಲಿ ಗಲ್ಲಿಗೇರಿಸಿದ್ದರು. ಕಯ್ಯೂರಿನ ಮಾತು ಮಲಯಾಳ, ಕಾದಂಬರಿ ಕನ್ನಡ. ಮುಂದೆ ಅದೇ ಕಾದಂಬರಿ ಮಲಯಾಳಕ್ಕೆ ಅನುವಾದವಾಗಿ ಆ ಜನರ ಮನೆ ಸೇರಿತು. ತಮ್ಮ ಕಥೆಯನ್ನು ಪರಭಾಷೆಯಿಂದ ಮರಳಿ ಪಡೆದ ಜನ ಅದನ್ನು ತಮ್ಮದೆಂದು ಒಪ್ಪಿಕೊಂಡರೆಂದರೆ ಲೇಖಕನಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಸಂತೋಷ. ಆದರೆ ಕಂಚು ಮಾತನಾಡುವುದಿಲ್ಲ; ಮಾತನಾಡಿಸುವ ಕೆಲಸ ಕಥೆಗಾರನ ಪಾಲಿಗೇ ಬರುತ್ತದೆ.

ಅನಂತರದ ತಲೆಮಾರಿನವರಲ್ಲಿ ಇಬ್ಬರನ್ನಾದರೂ ಹೆಸರಿಸದಿದ್ದರೆ ಈ ಚರಿತ್ರೆ ಅಪೂರ್ಣ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರು 1984ರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಮುಸ್ಲಿಂ ಮನೆಯ ಒಳಕೋಣೆಯ ಅಳಲನ್ನು ಕನ್ನಡಕ್ಕೆ ತಂದರು. ನಾದಿರಾ ಆಡುವ ಮನೆಮಾತು ಬೇರೆ. ಅವಳ ಸಂಕಟ ನಮ್ಮ ಅಕ್ಕತಂಗಿಯರದು. ಪುತ್ತೂರಿನ ಬೊಳುವಾರು ಮಹಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಊರನ್ನೇ ಕಲ್ಪಿಸಿ ಅಲ್ಲಿಗೆ ಈ ಸೀಮೆಯ ಎಲ್ಲ ಜಾತಿಯ, ಎಲ್ಲ ಮಾತಿನ ಜನರನ್ನು ಕರೆತಂದರು. ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಇನ್ನು ಕೆದಂಬಾಡಿಯವರೇ ಆದ ಜತ್ತಪ್ಪ ರೈಗಳು. ಅವರು ಕಾದಂಬರಿಕಾರರಲ್ಲ; ‘ಬೇಟೆಯ ನೆನಪುಗಳು’ ಬರೆದ ಬೇಟೆಗಾರರು, ತುಳುವಿನಲ್ಲಿಯೂ ಕನ್ನಡದಲ್ಲಿಯೂ ಕೈಯಾಡಿಸಿದವರು. ಕಥೆ ಬರೆಯುವವರು ಬೇಟೆಯ ಬರಹವನ್ನು ಏಕೆ ಓದಬೇಕೆಂದರೆ, ಬೇಟೆಗಾರ ತಾನು ಕಾಣದುದನ್ನು ಕಂಡೆನೆನ್ನುವಂತಿಲ್ಲ. ಮೊದಲು ತರಗೆಲೆಯ ಸದ್ದು, ಆಮೇಲೆ ಹಕ್ಕಿಯ ಎಚ್ಚರಿಕೆ, ಆಮೇಲೆ ವಾಸನೆ, ಎಲ್ಲಕ್ಕೂ ಕೊನೆಯಲ್ಲಿ ಪ್ರಾಣಿ. ಮೃಗವನ್ನು ಮೊದಲ ಸಾಲಿನಲ್ಲಿಯೇ ತೋರಿಸಿಬಿಟ್ಟರೆ ಬೇಟೆಯೂ ಇಲ್ಲ, ಕಥೆಯೂ ಇಲ್ಲ. ಕೇಳುವುದು ನೋಡುವುದಕ್ಕಿಂತ ಮೊದಲು; ಇದು ಕಾಡಿನ ನಿಯಮ, ಕಥೆಯ ನಿಯಮವೂ ಹೌದು.

ಇಷ್ಟು ಹೇಳಿದ ಮೇಲೆ ಆ ಕೆದಂಬಾಡಿಯ ಕಡೆಯ ಹುಡುಗನಿಗೆ ಉತ್ತರ ದೊರೆತಿರಬಹುದು. ಮನೆಯ ಮಾತು ಬೇರೆ, ಪುಟದ ಮಾತು ಬೇರೆ ಎಂಬುದು ಅವನ ದೌರ್ಭಾಗ್ಯವಲ್ಲ, ಬಂಡವಾಳ. ಒಂದೇ ಮಾತಿನಲ್ಲಿ ಬೆಳೆದವನಿಗೆ ತನ್ನ ಪಾತ್ರದ ಪ್ರತಿಯೊಂದು ಮಾತನ್ನೂ ಹೀಗೆ ಎರಡು ಸಲ ಕೇಳಿಸಿಕೊಳ್ಳುವ ಅಗತ್ಯ ಬರುವುದಿಲ್ಲ. ಇವನಿಗೆ ಬರುತ್ತದೆ. ಮೊದಲು ತುಳುವಿನಲ್ಲಿ ಕೇಳಬೇಕು. ಅದರಲ್ಲಿ ಬಿಡಬಹುದಾದ್ದು ಏನು, ಬಿಡಲಾರದ್ದು ಏನು ಎಂದು ತೂಗಬೇಕು. ಉಳಿದುದನ್ನು ಕನ್ನಡದಲ್ಲಿ ಹೇಳಬೇಕು. ಹೇಳಲಾಗದುದನ್ನು ದುಡಿಗೋ, ನೇಗಿಲಿಗೋ, ಮೌನಕ್ಕೋ ವಹಿಸಬೇಕು. ತಿದ್ದುವುದೆಂದರೆ ಇದೇ.

ಈ ಕೆಲಸಕ್ಕೆ ಅವಸರವೂ ಇದೆ. ಈಗಿನ ಮಕ್ಕಳು ಕನ್ನಡವನ್ನು ತಾಳಮದ್ದಳೆಯಲ್ಲಿ ಕೇಳುವುದಕ್ಕಿಂತ ದೂರದರ್ಶನದ ಧಾರಾವಾಹಿಗಳಲ್ಲಿ ಹೆಚ್ಚು ಕೇಳುತ್ತಾರೆ. ನೇಜಿ ನೆಡುವ ಗದ್ದೆಗಳು ಅಡಿಕೆತೋಟಗಳಾದವು, ರಬ್ಬರು ತೋಟಗಳಾದವು. ಪಾಡ್ದನ ಹಾಡುವ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮೇಲಿನ ಹೆಸರುಗಳನ್ನು ಇನ್ನೊಮ್ಮೆ ನೋಡಿದರೆ ಚೋಮನ ಕಥೆ ಹೇಳಿದವರು ಚೋಮನ ಕೇರಿಯವರಲ್ಲವೆಂಬುದೂ ಹೊಳೆಯುತ್ತದೆ. ಆ ಕೇರಿಯ ಮನೆಮಾತನ್ನು ಹುಟ್ಟಿನಿಂದ ಬಲ್ಲ ಕೈಯೊಂದು ಆ ದುಡಿಯನ್ನು ಎತ್ತಿಕೊಂಡರೆ ಅದು ಬೇರೆಯೇ ನಾದ ಹೊರಡಿಸೀತು. ಕನ್ನಡ ಅದನ್ನು ಕೇಳಲು ಕಾದಿದೆ.